ಕಣ್ಣು ಮುಚ್ಚಿದ ಸಾಕ್ಷಿ

ಊಟದ ಮೇಜಿನಲ್ಲಿ ಭಾವ ಎಷ್ಟು ಗೇಲಿ ಮಾಡಿದರೂ ಅವನು ಸಹಿಸಿಕೊಂಡಿದ್ದ. "ಬಂದ್ರಪ್ಪ ನಮ್ಮ ಜೋಗುಳದ ಡಾಕ್ಟ್ರು, ಎಲ್ಲರೂ ಆಕಳಿಸಿ" ಎಂದು ಅವರು ಅನ್ನುವುದು, ಅಕ್ಕ ನಗು ತಡೆಯಲಾರದೆ ಅಡುಗೆಮನೆಗೆ ಎದ್ದು ಹೋಗುವುದು, ಇದೆಲ್ಲ ವರ್ಷಗಳಿಂದ ನಡೆದಿತ್ತು. ಸಮ್ಮೋಹನದಿಂದ ನಿದ್ದೆ ಬರಿಸುವವನನ್ನು, ಸಿಗರೇಟು ಬಿಡಿಸುವವನನ್ನು ಶಸ್ತ್ರವೈದ್ಯರು ಯಾವತ್ತು ತಾನೇ ವೈದ್ಯನೆಂದು ಒಪ್ಪಿದ್ದಾರೆ? ಭಾವ ಶಸ್ತ್ರವೈದ್ಯರು. ಮನೆಯ ಪಕ್ಕದ ಆಸ್ಪತ್ರೆ ಅವರದೇ. ಅದರ ಮೇಲಿನ ಮಹಡಿಯ ಮೂಲೆ ಕೋಣೆಯನ್ನು ಹೆಂಡತಿಯ ತಮ್ಮನೆಂದು ಬಾಡಿಗೆಯಿಲ್ಲದೆ ಕೊಟ್ಟವರೂ ಅವರೇ. ಹಾಗಾಗಿ ಅವನೂ ನಕ್ಕುಬಿಡುತ್ತಿದ್ದ.

ಆದರೆ ಈ ಸಲ ಭಾವ ನಗಲಿಲ್ಲ. ಅವನನ್ನು ಕರೆಸಿ ಬಾಗಿಲು ಹಾಕಿಕೊಂಡರು. ಬಸ್ಸಿನ ಡ್ರೈವರ್ ಒಬ್ಬ ತಲೆನೋವೆಂದು ಇವನ ಹತ್ತಿರ ಬಹಳ ದಿನ ಬರುತ್ತಿದ್ದ. ಸಮ್ಮೋಹನದಲ್ಲಿ ನೋವು ಮಾಯವಾಗಿತ್ತು, ತಲೆಯೊಳಗಿನ ಗೆಡ್ಡೆ ಮಾತ್ರ ಬೆಳೆಯುತ್ತಲೇ ಇತ್ತು. ಡ್ರೈವರ್ ಸತ್ತಿದ್ದ.

"ಒಂದು ಸ್ಕ್ಯಾನ್ ಮಾಡಿಸೋಕೆ ಏನು ರೋಗ ಬಂದಿತ್ತೋ ನಿಂಗೆ? ಅವನ ಹೆಂಡತಿ ಇವತ್ತಿಗೂ ನಿನ್ನ ಹೆಸರು ಹೇಳಿ ಕೈ ಮುಗೀತಾಳೆ, ಗೊತ್ತಾ?"

"ತಪ್ಪಾಯ್ತು ಭಾವ."

"ನನ್ನ ಹತ್ರ ಹೇಳಿ ಏನು ಬಂತು? ಮೆಡಿಕಲ್ ಕೌನ್ಸಿಲ್‌ಗೆ ಹೋಗಿ ನೀನೇ ಹೇಳು. ಈ ವಾರ ಕಾಯ್ತೀನಿ. ನೀನು ಹೋಗ್ಲಿಲ್ಲ ಅಂದ್ರೆ ನಾನು ಹೋಗ್ತೀನಿ. ನಿಮ್ಮಕ್ಕಂಗೂ ಇನ್ನೂ ಹೇಳಿಲ್ಲ."

ಅಕ್ಕನಿಗೂ ಹೇಳಿಲ್ಲ. ಎಂದರೆ ಜಗತ್ತಿನಲ್ಲಿ ಇದು ಗೊತ್ತಿರುವುದು ಒಬ್ಬರೇ ಒಬ್ಬರಿಗೆ. ಅವನು ಮೆಟ್ಟಿಲು ಹತ್ತಿ ತನ್ನ ಕೋಣೆ ಸೇರಿ ಕುರ್ಚಿಯಲ್ಲಿ ಕೂತ. ಬಾಗಿಲ ಮೇಲಿನ ಆ ಹೆಸರು, ಜನ ಎದ್ದು ನಿಂತು ಕೊಡುವ ಆ ಮರ್ಯಾದೆ, ಇದನ್ನು ಬಿಟ್ಟು ತನ್ನ ಹತ್ತಿರ ಬೇರೇನೂ ಇಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ.

ಭಾವನದು ಒಂದೇ ಕಳ್ಳ ಚಟ. ಮಧ್ಯಾಹ್ನದ ಊಟವಾದ ಮೇಲೆ, ಅಕ್ಕನ ಕಣ್ಣು ತಪ್ಪಿಸಿ, ಆಸ್ಪತ್ರೆಯ ತಾರಸಿಗೆ ಹೋಗಿ ಸಿಗರೇಟು ಸೇದುವುದು. ಹಿಂಭಾಗದ ಮೋಟುಗೋಡೆಗೆ ಒರಗಿ, ಕೆಳಗಿನ ಜನರೇಟರ್ ಅಂಗಳಕ್ಕೆ ಬೂದಿ ಉದುರಿಸುತ್ತಾ ನಿಲ್ಲುತ್ತಿದ್ದರು. ಬಿಡಿಸಿಕೊಡುತ್ತೇನೆಂದು ಅವನು ಒಮ್ಮೆ ಹೇಳಿದ್ದಕ್ಕೆ, "ನಿನ್ನ ಜೋಗುಳಕ್ಕೆ ಮಲಗೋ ಪೈಕಿ ನಾನಲ್ಲ ಬಿಡಯ್ಯಾ" ಎಂದಿದ್ದರು. ಅದು ನಿಜವೇ. ಸಮ್ಮೋಹನಕ್ಕೆ ಎಲ್ಲರೂ ಬಗ್ಗುವುದಿಲ್ಲ. ತನ್ನನ್ನು ತಾನೇ ಕಾವಲು ಕಾಯುತ್ತಾ, ತುಟಿಯಂಚಿನಲ್ಲಿ ನಗುತ್ತಾ ಕೂರುವವನನ್ನು ಬ್ರಹ್ಮ ಬಂದರೂ ಮಲಗಿಸಲಾರ. ಯಾರ ಇಚ್ಛೆಯನ್ನೂ ಯಾರೂ ಕದಿಯಲಾರರು, ಅವರಾಗಿಯೇ ಸಡಿಲ ಬಿಟ್ಟರೆ ಉಂಟು. ನಿಂಬೆಹಣ್ಣು ಎಂದರೆ ಸಾಕು ಬಾಯಲ್ಲಿ ನೀರೂರುವವರು, ಕಾದಂಬರಿ ಓದುತ್ತಾ ಇಳಿಯಬೇಕಾದ ನಿಲ್ದಾಣ ದಾಟಿಹೋಗುವವರು, ಅಂಥವರು ಬೇಕು.

ಅಂಥವರೊಬ್ಬರು ಅವನ ರೋಗಿಗಳಲ್ಲಿ ಇದ್ದರು. ಶಾಲೆಯೊಂದರ ಲೈಬ್ರರಿ ನೋಡಿಕೊಳ್ಳುವ ಮೇಡಂ, ನಿದ್ದೆ ಬರುವುದಿಲ್ಲವೆಂದು ಬರುತ್ತಿದ್ದವರು. ಕೈ ಹಗುರಾಗುತ್ತಿದೆ ಎಂದರೆ ಕೈ ತಾನಾಗಿ ಏಳುತ್ತಿತ್ತು. ಚಳಿ ಎಂದರೆ ತೋಳಿನ ರೋಮ ನಿಮಿರುತ್ತಿತ್ತು. ಇನ್ನೊಂದು ಕಡೆ, ಸುಳ್ಳು ಎಂಬುದು ಆಕೆಯ ಬಾಯಲ್ಲಿ ಬಂದದ್ದನ್ನು ಕೇಳಿದವರಿಲ್ಲ. ಹರಿದ ಪುಸ್ತಕಕ್ಕೆ ಮಕ್ಕಳ ಪರವಾಗಿ ತಾನೇ ದಂಡ ಕಟ್ಟಿ, ಅದನ್ನೂ ಮೇಲಿನವರಿಗೆ ಹೇಳಿಬಿಡುವ ಜೀವ. ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ಯಾವ ವಕೀಲನೂ ಹುಡುಕಿಕೊಡಲಾರ.

ಯೋಜನೆ ಸರಳ. ಆಕೆ ಕಣ್ಣು ಮುಚ್ಚಿದ ಮೇಲೆ ಅವನ ಮಾತನ್ನು ಮೊದಲೇ ಮುದ್ರಿಸಿಟ್ಟ ಅವನದೇ ದನಿ ಮುಂದುವರಿಸುತ್ತದೆ. ಸ್ಪೀಕರ್ ಅವನ ಕುರ್ಚಿಯ ಮೇಲೆಯೇ ಇರುತ್ತದೆ. ಮುಂದಿನ ಬಾಗಿಲ ಆಚೆ ಸ್ವಾಗತದ ಹುಡುಗಿ ಕೂತಿರುತ್ತಾಳೆ, ಆ ಬಾಗಿಲು ತೆರೆಯುವುದೇ ಇಲ್ಲ. ಹಿಂದಿನ ಬಾಗಿಲಿನಿಂದ ಒಂದು ಮೆಟ್ಟಿಲ ಸಾಲು ಹತ್ತಿದರೆ ತಾರಸಿ.

ಒಂದು ದಿನ ಪರೀಕ್ಷೆಗೆಂದೇ ದನಿ ಹಾಕಿ ಹೊರಗೆ ಹೋಗಿ, ಮೆಟ್ಟಿಲಲ್ಲಿ ನಿಂತು ಬಂದ. ಎಬ್ಬಿಸಿದ ಮೇಲೆ, ಏನೂ ಗೊತ್ತಿಲ್ಲದವನಂತೆ, "ಮಧ್ಯೆ ನಾನು ನಿಮ್ಮ ಪಕ್ಕದಲ್ಲೇ ಇದ್ದದ್ದು ಗೊತ್ತಾಗ್ತಿತ್ತಾ?" ಎಂದು ಕೇಳಿದ.

"ಅಯ್ಯೋ, ಗೊತ್ತಾಗದೆ ಏನು ಡಾಕ್ಟ್ರೇ! ನೀವು ಕಾಲು ಬದಲಾಯಿಸಿ ಕೂತಾಗ ಕುರ್ಚಿ ಕಿರುಗುಟ್ಟಿದ್ದೂ ಕೇಳಿಸ್ತು."

ಕುರ್ಚಿ ಕಿರುಗುಟ್ಟಿದ್ದು! ಅವನು ಹೇಳಿಕೊಡದೆ ಇದ್ದದ್ದನ್ನೂ ಆಕೆ ತಾನೇ ಸೇರಿಸಿದ್ದರು. ಅಂದು ರಾತ್ರಿ ಅವನು ಭಾವನ ಗೇಲಿಯಿಲ್ಲದ ಮೇಜಿನಲ್ಲಿ ಕೂತು, ಬಹಳ ದಿನಗಳ ಮೇಲೆ ಎರಡನೆಯ ಸಲ ಬಡಿಸಿಕೊಂಡು ಉಂಡ. "ಹೋಗಿಬಂದ್ಯಾ?" ಎಂದು ಭಾವ ಸಣ್ಣಗೆ ಕೇಳಿದರು. "ನಾಳಿದ್ದು ಹೋಗ್ತೀನಿ ಭಾವ" ಎಂದ. ಅವರು ಅವನ ಬೆನ್ನು ತಟ್ಟಿದರು. "ಏನೇ ಆಗ್ಲಿ, ನಾನಿರ್ತೀನಿ ನಿನ್ನ ಜೊತೆ" ಎಂದರು. ಅವನು ತಲೆಯಾಡಿಸಿ ಮೊಸರಿಗೆ ಕೈ ಚಾಚಿದ.

ಮರುದಿನ ಎಲ್ಲವೂ ನೆನೆದಂತೆಯೇ ನಡೆಯಿತು. ಮೇಡಂ ಕಣ್ಣು ಮುಚ್ಚಿದರು. ದನಿ ಮುಂದುವರಿಯಿತು. ತಾರಸಿಯಲ್ಲಿ ಭಾವ ಬೆನ್ನು ಹಾಕಿ ನಿಂತಿದ್ದರು. ಹೆಜ್ಜೆ ಸಪ್ಪಳಕ್ಕೆ ಸಿಗರೇಟನ್ನು ಬಚ್ಚಿಡಲು ನೋಡಿದರೇ ಹೊರತು ತಿರುಗಲಿಲ್ಲ, ಅಕ್ಕನೇ ಬಂದಳು ಎಂದುಕೊಂಡಿರಬೇಕು. ಒಂದೇ ನೂಕು ಸಾಕಾಯಿತು. ಕೆಳಗೆ ಕೂಗು ಏಳುವ ಹೊತ್ತಿಗೆ ಅವನು ಸ್ಪೀಕರ್ ಆರಿಸಿ ಕುರ್ಚಿಯಲ್ಲಿದ್ದ. ಎಂದಿನ ದನಿಯಲ್ಲಿ ಆಕೆಯನ್ನು ಎಬ್ಬಿಸಿದ. ಮುದ್ರಿಸಿದ್ದನ್ನು ಅಳಿಸಿದ. ಸ್ವಾಗತದ ಹುಡುಗಿ ಬಾಗಿಲು ಬಡಿದು ಅಳುತ್ತಾ ಸುದ್ದಿ ಹೇಳಿದಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು.

ಸಂಜೆಗೆ ಇನ್‌ಸ್ಪೆಕ್ಟರ್ ಬಂದರು. ನಡುವಯಸ್ಸಿನ ಹೆಂಗಸು, ನೆಗಡಿಯಾಗಿ ಗಂಟಲು ಕಟ್ಟಿಹೋಗಿತ್ತು. ದನಿ ಏಳದ್ದರಿಂದ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಪಿಸುಮಾತಿನಂತೆ, ಒಂದೊಂದೇ ಪದ ಬಿಡಿಸಿ ಮಾತಾಡುತ್ತಿದ್ದರು. ಯಾರ ಮೇಲೂ ಅನುಮಾನವಿಲ್ಲವೆಂದೂ, ಕಟ್ಟಡದಲ್ಲಿದ್ದವರನ್ನೆಲ್ಲ ಕೇಳುವುದು ಪದ್ಧತಿಯೆಂದೂ ಹೇಳಿದರು. ಅಕ್ಕನಿಗೆ ಸಮಾಧಾನ ಹೇಳಲು ಉಳಿದುಕೊಂಡಿದ್ದ ಲೈಬ್ರರಿ ಮೇಡಂ ಅವನ ಕೋಣೆಯಲ್ಲೇ, ಅದೇ ಒರಗುಕುರ್ಚಿಯಲ್ಲಿ ಕೂತಿದ್ದರು.

"ಡಾಕ್ಟ್ರು ನನ್ನ ಪಕ್ಕದಲ್ಲೇ ಇದ್ರು. ಒಂದು ಗಳಿಗೆ ಕೂಡ ಆಚೆ ಹೋಗಿಲ್ಲ" ಎಂದರು ಮೇಡಂ. ಅವರ ಮುಖ ನೋಡಿದರೆ ಸಾಕಿತ್ತು, ನಂಬದೆ ಬೇರೆ ದಾರಿಯಿಲ್ಲ. ಅವನು ತಲೆ ತಗ್ಗಿಸಿ ಕೂತಿದ್ದ. ಗೆದ್ದೆ ಎಂದು ಒಳಗೇ ಅಂದುಕೊಂಡ.

ಇನ್‌ಸ್ಪೆಕ್ಟರ್ ಏಳಲು ಹೊರಟವರು, ಹೇಳಿಕೆ ಬರೆದುಕೊಳ್ಳುವ ಮುಂಚೆ ಕೇಳುವ ಕೊನೆಯ ಮಾತೆಂಬಂತೆ, ಆಕೆಯ ಕಡೆಗೆ ಬಾಗಿದರು. "ಅವಸರ ಏನಿಲ್ಲಮ್ಮ. ಆರಾಮಾಗಿ ಒರಗಿಕೊಳ್ಳಿ. ಸುಮ್ನೆ ಒಂದ್ಸಲ ಕಣ್ಣು ಮುಚ್ಚಿ ನೆನಪು ಮಾಡ್ಕೊಳ್ಳಿ. ನಡುವೆ ಎಲ್ಲಾದ್ರೂ ಇವ್ರು ಎದ್ದು, ಆ ಹಿಂದಿನ ಬಾಗಿಲು ತೆಗೆದು ಹೋದ್ರಾ?"

ಮೇಡಂ ಕಣ್ಣು ಮುಚ್ಚಿದರು. ಉಸಿರು ನಿಧಾನವಾಯಿತು. ಹುಬ್ಬಿನ ನಡುವಿನ ಗೆರೆ ಮೆಲ್ಲಗೆ ಸಡಿಲವಾಯಿತು. ಆ ಗೆರೆ ಹಾಗೆ ಸಡಿಲವಾಗುವುದನ್ನು ಅವನು ಎಷ್ಟೋ ಸಲ ನೋಡಿದ್ದ.

"ಹೌದು… ಎದ್ರು… ಬಾಗಿಲು ತೆಗೆದ್ರು, ಗಾಳಿ ಬಂತು. ಚಪ್ಪಲಿ ಕೈಲಿ ಹಿಡ್ಕೊಂಡಿದ್ರು. ಮೆಟ್ಟಿಲು ಹತ್ತಿ ಹೋದ್ರು."

ಅವನು ಸಿಡಿದೆದ್ದು ನಿಂತ. ಚಪ್ಪಲಿ! ಅವನು ಹಾಕಿದ್ದು ಬೂಟು, ಕೈಯಲ್ಲಿ ಏನೂ ಇರಲಿಲ್ಲ. ಆಕೆ ಏನನ್ನೂ ಕಂಡಿರಲಿಲ್ಲ, ಎಲ್ಲವನ್ನೂ ಈಗ ಹುಟ್ಟಿಸಿಕೊಳ್ಳುತ್ತಿದ್ದರು. "ಶುದ್ಧ ಕಲ್ಪನೆ ಮೇಡಂ ಇದು!" ಎಂದು ಇನ್‌ಸ್ಪೆಕ್ಟರಿಗೆ ಹೇಳಿದ. ಹೇಳುವಾಗ ಅವನೊಳಗಿನ ವೈದ್ಯನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ಆ ಹೊತ್ತಿನಲ್ಲಿ ಇವರ ಕಣ್ಣು ಮುಚ್ಚಿತ್ತು. ಇಂಥವರ ಸ್ವಭಾವ ನಿಮಗೆ ಗೊತ್ತಿಲ್ಲ. ಹತ್ತಿರ ಕೂತು ಮೆತ್ತಗೆ ಏನು ಹೇಳಿದ್ರೂ ಸಾಕು, ಅದನ್ನ ಕಣ್ಣಾರೆ ಕಂಡ ಹಾಗೆ ನಂಬಿಬಿಡ್ತಾರೆ. ಪ್ರಾಮಾಣಿಕವಾಗಿ ನಂಬ್ತಾರೆ!"

ತನ್ನ ಮಾತಿನ ಕೊನೆಗೆ ಬಂದ ಮೇಲೆ, ಅದು ಎಲ್ಲಿಗೆ ಬಂದು ನಿಂತಿತೆಂದು ಅವನಿಗೇ ಕಂಡಿತು. ಆಕೆ ತನ್ನೊಬ್ಬನ ದನಿಗೆ ಮಾತ್ರ ಬಗ್ಗುವವರು ಎಂದು ಅವನು ಯಾಕೆ ಅಂದುಕೊಂಡಿದ್ದನೋ. ಇನ್‌ಸ್ಪೆಕ್ಟರ್ ಕರವಸ್ತ್ರದಲ್ಲಿ ಮೂಗು ಒರೆಸಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತರು, ಈ ಸಲ ಅವನ ಎದುರಿಗೆ, ಅಷ್ಟೇ ಹತ್ತಿರ. "ಹೌದಾ ಡಾಕ್ಟ್ರೇ?" ಎಂದರು, ಅದೇ ಕಟ್ಟಿದ ದನಿಯಲ್ಲಿ. "ಹಾಗಾದ್ರೆ ನೀವು ಇವ್ರ ಪಕ್ಕದಲ್ಲೇ ಇದ್ರಿ ಅಂತ ಇವ್ರಿಗೆ ಹೇಳಿದ್ದು ಯಾರು?"