ಆಕ್ಸಿಲರೇಟರ್ ಬಿಟ್ಟಾಗ ಬರುವ ಸದ್ದು

"ನಿಮಗೂ ಕೇಳಿಸ್ತು. ನಿಮ್ಮ ಮುಖ ನೋಡ್ದೆ ನಾನು."

ಹೊಸಕೋಟೆಯ ಸರ್ವಿಸ್ ಸೆಂಟರ್ ಮುಂದೆ ಕೆಂಪು ಸ್ಪೋರ್ಟ್ಸ್ ಕಾರನ್ನು ನಿಲ್ಲಿಸಿದ ಆಶಾರಾಣಿ, ಪಕ್ಕದ ಸೀಟಿನಲ್ಲಿದ್ದ ಬೀರೇಶನ ಕಡೆ ತಿರುಗಿದಳು. ಅವನು ಅಲ್ಲಿನ ಇಂಜಿನಿಯರ್, ಕಾರಿನ ಸದ್ದು ಕೇಳಿ ನೋಡಲು ಜೊತೆಗೆ ಒಂದು ಸುತ್ತು ಬಂದಿದ್ದ. ಪರಿಚಯವಾಗಿ ಅರ್ಧ ಗಂಟೆಯಾಗಿತ್ತು ಅಷ್ಟೇ.

ಬೀರೇಶ್ ಏನೋ ಹೇಳಲು ಹೊರಟ. ಅಷ್ಟರಲ್ಲಿ ಮ್ಯಾನೇಜರ್ ದೇವರಾಜ್ ಬಾಗಿಲಿಗೆ ಬಂದು ಇಬ್ಬರನ್ನೂ ಒಳಗೆ ಕರೆದರು.

ಆಶಾರಾಣಿ ಜಡಿಗೇನಹಳ್ಳಿಯಲ್ಲಿ ಗುಲಾಬಿ ಬೆಳೆಯುವವಳು. ವರ್ಷಗಟ್ಟಲೆ ಹೂವಿನ ಪಿಕಪ್ ಓಡಿಸಿಕೊಂಡೇ ಈ ಕಾರಿನ ಕನಸು ಕಂಡವಳು. ಎರಡೇ ಸೀಟಿನ ಕಾರು ಯಾಕೆ, ಮೊದಲು ಮದುವೆ ಆಗಬಾರದಾ ಎಂದ ನೆಂಟರ ಮಾತನ್ನು ಅವಳು ಕಿವಿಗೇ ಹಾಕಿಕೊಂಡಿರಲಿಲ್ಲ.

ಹೊಸ ಇಂಜಿನ್, ಹೊಸ ಗೇರುಗಳು ಪಳಗುವವರೆಗೆ ಜೋರಾಗಿ ಎಳೆಯಬಾರದು, ಒಂದೇ ವೇಗದಲ್ಲೂ ಬಹಳ ಹೊತ್ತು ಹೋಗಬಾರದು ಎಂದು ಶೋರೂಮಿನಲ್ಲಿ ಹೇಳಿದ್ದರು. ಅದನ್ನು ಅವಳು ಚಾಚೂ ತಪ್ಪದೆ ಪಾಲಿಸಿದ್ದಳು.

ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗ ಕೇಳುವ ಕಟಕಟ, ರಿವರ್ಸ್ ಹಾಕಿದಾಗ ಬರುವ ಟಕ್ ಎಂಬ ಸದ್ದು ಇಂಥ ಕಾರುಗಳಲ್ಲಿ ಸಹಜ ಎಂದು ಬೀರೇಶ್ ದಾರಿಯಲ್ಲೇ ವಿವರಿಸಿದ್ದ. ಅವಳು ಒಪ್ಪಿಕೊಂಡಿದ್ದಳು. ಆದರೆ ವೇಗದಲ್ಲಿದ್ದಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಹಿಂದಿನಿಂದ ಒಂದು ಊಳಿಡುವ ಸದ್ದು ಬರುತ್ತಿತ್ತು... ಆಗ ಅವನ ಹುಬ್ಬು ಗಂಟಿಕ್ಕಿದ್ದನ್ನು ಅವಳು ನೋಡಿದ್ದಳು.

ದೇವರಾಜ್ ನಗುತ್ತಲೇ ಮಾತಾಡಿದರು. ಹೊಸ ಕಾರು, ಓಡ್ತಾ ಓಡ್ತಾ ಸರಿಹೋಗುತ್ತೆ ಅಂದರು. ಇದು ಸ್ಕೂಟಿ ಅಲ್ಲ, ಓಡಿಸೋದು ಸ್ವಲ್ಪ ಕಲೀಬೇಕು ಅಂದರು. ಬೇಕಿದ್ದರೆ ನಮ್ಮ ಇಂಜಿನಿಯರನ್ನೇ ಕೇಳಿ ಅಂತಲೂ ಅಂದರು.

ಅವಳು ಬೀರೇಶನನ್ನು ನೋಡಿದಳು.

ಅವನು ನೆಲ ನೋಡುತ್ತ ನಿಂತಿದ್ದ.

ಆಶಾರಾಣಿಯ ಮೈಯೆಲ್ಲ ಉರಿದುಹೋಯಿತು. ದೇವರಾಜ್ ನಕ್ಕಿದ್ದಕ್ಕಿಂತ ಇವನ ಮೌನವೇ ಅವಳನ್ನು ಹೆಚ್ಚು ಚುಚ್ಚಿತು. 'ಇವನೂ ಇಷ್ಟೇನಾ...' ಎಂದುಕೊಳ್ಳುತ್ತ ಮೇಜಿನ ಮೇಲಿದ್ದ ಕೀ ಎತ್ತಿಕೊಂಡು ಹೊರಟಳು.

ಆ ವಾರವೆಲ್ಲ ಅವಳು ಕೋಪದಲ್ಲೇ ಕಾರು ಓಡಿಸಿ ಪರೀಕ್ಷಿಸಿದಳು. ವೇಗ ಅಷ್ಟೇ ಇಟ್ಟು ಗೇರ್ ಬದಲಿಸಿದರೂ ಊಳು ಬದಲಾಗಲಿಲ್ಲ. ಅಂದರೆ ಅದು ಇಂಜಿನ್ ಸದ್ದಲ್ಲ. ಖಾಲಿ ರಸ್ತೆಯಲ್ಲಿ ಎಡಕ್ಕೆ, ಬಲಕ್ಕೆ ವಾಲಿಸಿದರೂ ಹಾಗೇ ಇತ್ತು. ಅಂದರೆ ಚಕ್ರದ ಬೇರಿಂಗ್ ಕೂಡ ಅಲ್ಲ. ಉಳಿದದ್ದು ಡಿಫರೆನ್ಶಿಯಲ್, ಇಂಜಿನ್ನಿನ ಬಲವನ್ನು ಹಿಂದಿನ ಎರಡು ಚಕ್ರಗಳಿಗೂ ಹಂಚುವ ಗೇರುಗಳ ಪೆಟ್ಟಿಗೆ.

ಶನಿವಾರ ಬೆಳಿಗ್ಗೆ ತಾಯಿ ಮುನಿಲಕ್ಷ್ಮಮ್ಮನನ್ನು ಕೂರಿಸಿಕೊಂಡು ಕೋಲಾರದ ನೆಂಟರ ಮನೆಗೆ ಹೊರಟಿದ್ದಳು. ಅಷ್ಟರಲ್ಲಿ ಬೀರೇಶ್, ಹೊರಟಿದ್ದು ಯಾವ ಗಾಡಿ ಎಂದೂ ನೋಡದೆ, ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸಿದ.

"ಕಾರು ತೆಗೀಬೇಡಿ. ಡಿಫರೆನ್ಶಿಯಲ್ ಹೋಗಿದೆ. ಹೈವೇಲಿ ಲಾಕ್ ಆದ್ರೆ ಹಿಂದಿನ ಚಕ್ರ ನಿಂತುಬಿಡುತ್ತೆ."

"ನಂಗೂ ಗೊತ್ತಾಯ್ತು. ಅದಕ್ಕೇ ಪಿಕಪ್ಪಲ್ಲಿ ಹೋಗ್ತಿದ್ದೀನಿ. ನಿಮಗೆ ಯಾವತ್ತು ಗೊತ್ತಾಯ್ತು?"

"ಆವತ್ತೇ."

ಅವಳು ಪಿಕಪ್‌ನಿಂದ ಇಳಿದು ಬಂದಳು.

"ಆವತ್ತೇ ಗೊತ್ತಿತ್ತು. ಆದ್ರೂ ಆತ ನನ್ನ ನೋಡಿ ನಗ್ತಿದ್ರೆ ನೀವು ನೆಲ ನೋಡ್ಕೊಂಡು ನಿಂತ್ರಿ. ನಂಗೆ ಗೊತ್ತಾಗದೆ ಇದ್ದಿದ್ರೆ ಇವತ್ತು ಆ ಸೀಟಲ್ಲಿ ನಮ್ಮಮ್ಮ ಇರ್ತಿದ್ರು."

ಬೀರೇಶ್ ತಲೆ ತಗ್ಗಿಸಲಿಲ್ಲ. ಅವಳು ಹೋದ ಮೇಲೆ ದೇವರಾಜ್ ಜೊತೆ ಜಗಳವಾಡಿದ್ದನ್ನೂ, ಅವರು ಒಪ್ಪದಿದ್ದಾಗ ಕಂಪನಿಯ ದೊಡ್ಡ ಆಫೀಸಿಗೆ ತಾನೇ ತಿಳಿಸಿದ್ದನ್ನೂ ಹೇಳಿದ. ಕಾರು ಒಯ್ಯಲು ಲಾರಿ ಬರುತ್ತಿದೆ ಅಂದ. ಆವತ್ತು ಅವಳೆದುರು ಬಾಯಿಬಿಟ್ಟರೆ ಕೆಲಸ ಹೋಗುತ್ತೆಂದು ಹೆದರಿದ್ದು ನಿಜ ಎಂದೂ ಒಪ್ಪಿಕೊಂಡ.

"ಬೆನ್ನ ಹಿಂದೆ ಹೇಳಿದ್ದು ನಂಗ್ಯಾಕೆ? ಎಲ್ಲರ ಮುಂದೆ ಹೇಳಿ," ಎಂದಳು ಆಶಾರಾಣಿ.

ಅವನು ಹೇಳಿದ. ಸೋಮವಾರ ಗ್ರಾಹಕರು ತುಂಬಿದ್ದ ಸರ್ವಿಸ್ ಸೆಂಟರಿನಲ್ಲಿ, ದೇವರಾಜ್ ಎದುರಿಗೇ. ಈ ಮೇಡಂ ಹೇಳಿದ್ದು ಸರಿಯಾಗಿತ್ತು, ನಾವು ಅವಮಾನ ಮಾಡಿದ್ವಿ ಅಂದ. ಡಿಫರೆನ್ಶಿಯಲ್ ಬಿಚ್ಚಿದಾಗ ಎಣ್ಣೆಯಲ್ಲಿ ಸವೆದ ಗೇರುಗಳ ಲೋಹದ ಪುಡಿ ಮಿನುಗುತ್ತಿತ್ತು. ದೇವರಾಜ್ ಗೊಣಗುತ್ತ ಕ್ಷಮೆ ಕೇಳಿದರು.

ಹೊಸ ಡಿಫರೆನ್ಶಿಯಲ್ ಬಂದು ಕೂತಿತು. ಆದರೆ ಆ ತಿಂಗಳ ಕೊನೆಗೆ ಬೀರೇಶನ ಕೆಲಸ ಹೋಯಿತು.

ಸುದ್ದಿ ತಿಳಿದ ಸಂಜೆ ಆಶಾರಾಣಿ ನೇರ ಅವನ ಮನೆಗೇ ಬಂದಳು.

"ನನಗೊಂದು ಮಾತು ಹೇಳ್ಬೇಕು ಅನಿಸ್ಲಿಲ್ವಾ?"

"ಹೇಳಿದ್ರೆ ಋಣ ಅಂದ್ಕೊಂಡು ಬರ್ತಿದ್ರಿ. ಹಾಗೆ ಬರೋದು ನನಗೆ ಬೇಕಿರ್ಲಿಲ್ಲ. ದೇವನಹಳ್ಳೀಲಿ ಬೇರೆ ಕೆಲಸ ಸಿಕ್ಕಿದೆ."

"ಮತ್ತೆ ಹೇಗೆ ಬರ್ಬೇಕಿತ್ತು?"

ಈ ಸಲ ಅವನ ಕಣ್ಣು ಅವಳ ಮುಖದ ಮೇಲೇ ಇತ್ತು.

"ಇಷ್ಟಪಟ್ಟು... ನೀವು ಗೇಟಲ್ಲಿ ನಿಂತು ಬೈದ್ರಲ್ಲ, ಆವತ್ತಿಂದ ನಿಮ್ಮ ಬಿಟ್ಟು ಬೇರೆ ಯೋಚನೆ ಇಲ್ಲ ನನಗೆ."

ಆಶಾರಾಣಿಯ ಕಣ್ಣು ತುಂಬಿ ಬಂತು. ಅದಕ್ಕೂ ಅವಳಿಗೆ ಸಿಟ್ಟೇ.

"ನನ್ನ ಕೋಪ ಇನ್ನೂ ಹೋಗಿಲ್ಲ."

"ಹೋಗೋವರೆಗೂ ಇರ್ತೀನಿ."

"ಹೋದ್ಮೇಲೆ?"

"ಆಮೇಲೂ ಇರ್ತೀನಿ."

ಅವಳು ಕಣ್ಣೊರೆಸಿಕೊಂಡು ಕೈ ಚಾಚಿದಳು. "ನಡೀರಿ. ಅಮ್ಮ ಊಟಕ್ಕೆ ಕಾಯ್ತಿದ್ದಾರೆ. ನಿಮ್ಮನ್ನ ಕರ್ಕೊಂಡೇ ಬರ್ತೀನಿ ಅಂತ ಹೇಳಿ ಬಂದಿದ್ದೀನಿ."