ಅತ್ತಿಯ ಹಾಲು

ಊರ್ಡಿಗೆರೆ ರಸ್ತೆಯ ಸೈಟಿನಲ್ಲಿದ್ದ ಅತ್ತಿಮರಕ್ಕೆ ಬಸವಪ್ರಭು ಡ್ರಿಲ್ಲಿಂಗ್ ಮೆಷಿನ್ ಹಚ್ಚುವಾಗ, ಪಕ್ಕದ ಮನೆಯ ಮುದುಕಿ ಶಿವರುದ್ರಮ್ಮ ಬಂದು ಬೇಡವೆಂದಳು.

ಅವನು ತುಮಕೂರಿನಿಂದ ಬಂದ ಎಂಜಿನಿಯರು. ಹಸಿಮರ ಉಳಿಸಿಕೊಂಡು, ಬುಡಕ್ಕೆ ಬೇಲಿ ಹಾಕಿಯೇ ಕಟ್ಟಡ ಕಟ್ಟಬೇಕೆಂದು ಪ್ಲಾನಿಗೆ ಒಪ್ಪಿಗೆ ಕೊಟ್ಟವರು ಹೇಳಿದ್ದರು. ಒಣಗಿದ ಮರ ಕಡಿಯಲು ಅಡ್ಡಿಯಿರಲಿಲ್ಲ. ಕಾಂಡ ಕೊರೆದು ಇಂಗು ತುಂಬಿದರೆ ಎಂಥ ಮರವೂ ಒಣಗುತ್ತದೆಂದು ಅವನು ಕೇಳಿದ್ದ.

ಹಿಂದೆ ಹೆರಿಗೆಯಲ್ಲಿ ಸತ್ತ ಬಾಣಂತಿಯೊಬ್ಬಳು ಊರಿನ ಕೂಸುಗಳನ್ನು ಕಾಡುತ್ತಿದ್ದಳಂತೆ. ಮಂತ್ರವಾದಿ ಅವಳನ್ನು ತಂದು ಆ ಮರಕ್ಕೆ ಕಟ್ಟಿದನಂತೆ. ಅತ್ತಿಯಲ್ಲಿ ಹಾಲಿದೆ, ಅವಳಿಗೆ ಅಷ್ಟೇ ಸಮಾಧಾನ ಎಂದಳು ಮುದುಕಿ.

“ಆ ಹಾಲ್ಗೆ ವಿಸ ಹಾಕ್ಬ್ಯಾಡ ಕಣಪ್ಪ. ಹಾಕ್ದೋರ ಮನೆ ಕೂಸೇ ಅದ್ನ ಕುಡಿಯೋದು.”

“ಒಳ್ಳೇದಾಯ್ತು ಬಿಡಜ್ಜಿ, ಹಾಲಿನ ಖರ್ಚು ಉಳೀತು,” ಎಂದು ನಕ್ಕ ಬಸವಪ್ರಭು. ಅವನ ಮನೆಯಲ್ಲಿ ಎಳೆಗೂಸಿತ್ತು.

ತೂತಿನಿಂದ ಬೆಳ್ಳನೆಯ ಹಾಲು ಜಿನುಗಿತು. ಇಂಗನ್ನು ಬೆರಳಲ್ಲಿ ಒತ್ತಿ ತುಂಬಿ, ಮಣ್ಣು ಮೆತ್ತಿದ.

ಮರ ಬಾಡಲಿಲ್ಲ. ಎಲೆಗಳು ಇನ್ನಷ್ಟು ದಟ್ಟಗಾದವು. ಬಾಡಿದ್ದು ಕೂಸು. ಹೆಂಡತಿ ಅನುಪಮಾ ಎದೆಗೆ ಹಚ್ಚಿದರೆ ಮುಖ ತಿರುಗಿಸಿ, ಬರೀ ಗಾಳಿಯಲ್ಲಿ ಏನನ್ನೋ ಚೀಪುತ್ತಿತ್ತು. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿ ಕಳಿಸಿದರು, ಕಾಯಿಲೆ ಏನೆಂದು ಹೇಳಲಿಲ್ಲ. ಒಂದು ಮುಸ್ಸಂಜೆ ಕರೆಂಟು ಹೋಗಿತ್ತು. ಕತ್ತಲಲ್ಲಿ ಚಪ್ ಚಪ್ ಎಂಬ ಸದ್ದು. ಬಸವಪ್ರಭು ತೊಟ್ಟಿಲಿಗೆ ಬಗ್ಗಿದ. ಕೂಸಿನ ಬಾಯಿಂದ ಇಂಗಿನ ನಾತ. ತುಟಿಯಂಚಿನಲ್ಲಿ ಬಿಳಿ ಅಂಟು.

ಅವನು ಬೈಕು ಹತ್ತಿ ಬಂದು ಮುದುಕಿಯ ಕಾಲು ಹಿಡಿದ.

“ವಿಸ ಇಟ್ಟೋನೇ ಅದ್ನ ಚೀಪಿ ತೆಗೀಬೇಕು,” ಎಂದಳು ಶಿವರುದ್ರಮ್ಮ. “ಆದ್ರೆ ಅವ್ಳ ಹಾಲು ಕುಡ್ದೋನ್ನ ಅವ್ಳು ಬುಡಾಕಿಲ್ಲ ಕಣಪ್ಪ.”

ಅವನು ಮರದ ಬುಡದಲ್ಲಿ ಮಂಡಿಯೂರಿದ. ತೂತಿನ ಮಣ್ಣು ಕೆದರಿದ. ಬಾಯಿಟ್ಟ. ಕಹಿ. ಉರಿ. ಚೀಪಿದ. ಉಗಿಯಲು ಹೋದ. ಆಗಲಿಲ್ಲ. ತಲೆಯ ಹಿಂದೆ ಒಂದು ಕೈ. ತಣ್ಣಗೆ. ತಾಯಿ ಕೂಸನ್ನು ತಟ್ಟುವ ಹಾಗೆ ತಟ್ಟಿತು. ಒತ್ತಿ ಹಿಡಿಯಿತು. ಕುಡಿದ. ಕುಡಿಯುತ್ತಲೇ ಇದ್ದ.

ಆ ಕೈ ಸಡಿಲಿದಾಗ ಫೋನು ಬಂತು. ಅನುಪಮಾ ಅಳುತ್ತಲೇ ನಗುತ್ತಿದ್ದಳು. ಕೂಸು ಕಣ್ಣು ಬಿಟ್ಟಿದೆ, ಹಾಲು ಕುಡಿಯುತ್ತಿದೆ ಎಂದಳು.

ಅವನು ಮನೆಯ ಬಾಗಿಲಲ್ಲಿ ನಿಂತ ಕೂಡಲೇ ಕೂಸು ತಾಯಿಯ ಮೊಲೆ ಬಿಟ್ಟಿತು. ಅವನ ಕಡೆ ತಿರುಗಿತು. ಎರಡೂ ಕೈ ಚಾಚಿ ಬಾಯಿ ಚಪ್ಪರಿಸಿತು.

“ಏನ್ರೀ, ಅಂಗಿ ಎದೆ ಹತ್ರ ಎಲ್ಲಾ ಒದ್ದೆ?” ಎಂದಳು ಅನುಪಮಾ.

ಬಸವಪ್ರಭು ಮುಟ್ಟಿ ನೋಡಿಕೊಂಡ. ಬೆಳ್ಳಗೆ, ಬೆಚ್ಚಗೆ ಜಿನುಗುತ್ತಿತ್ತು. ಇಂಗಿನ ನಾತ. ಹಿಂದಕ್ಕೆ ಹೆಜ್ಜೆಯಿಡಲು ಹೋದ. ಕಾಲು ಕೂಸಿನ ಕಡೆಗೇ ನಡೆಯಿತು.