ಒಂಬತ್ತು ಬೇಕುಗಳ ಪಟ್ಟಿ

ಯಾರಾದರೂ "ಹುಟ್ಟುಹಬ್ಬಕ್ಕೆ ಏನು ಬೇಕು?" ಎಂದು ಕೇಳಿದರೆ ನನ್ನ ಬಾಯಿಂದ ತಾನಾಗಿ ಬರುವ ಮಾತು ಒಂದೇ: "ಅಯ್ಯೋ, ಏನೂ ಬೇಡ ಬಿಡಿ." ಆ ಪುಣ್ಯದಿಂದಲೇ ಇವತ್ತು ನನ್ನ ಮನೆಯಲ್ಲಿ ಹದಿನಾಲ್ಕು ಕಾಫಿ ಮಗ್ಗುಗಳಿವೆ. ನಾನು ಕಾಫಿ ಕುಡಿಯುವುದಿಲ್ಲ.

ಈ ಸಲ ಅಕ್ಕನಿಗೆ ತಲೆ ಕೆಟ್ಟುಹೋಯಿತು. ನಾನು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಜನರ ಸೊಂಟ, ಮಂಡಿ ನೆಟ್ಟಗೆ ಮಾಡುವವಳು. ಅವಳು ಅದೇ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೂರುವವಳು. ಸೋಮವಾರ ಊಟದ ಹೊತ್ತಿಗೆ ಫೋನ್ ಹಿಡಿದು ನನ್ನೆದುರು ಬಂದು ಕೂತಳು.

"ಮೂವತ್ತು ತುಂಬ್ತಾ ಇದೆ. ಬಾಯಿಬಿಟ್ಟು ಏನೇನು ಬೇಕು ಹೇಳು, ಲಿಸ್ಟ್ ಮಾಡಿ ಆಸ್ಪತ್ರೆ ಗ್ರೂಪಿಗೆ ಹಾಕ್ತೀನಿ."

"ನಾಚಿಕೆ ಆಗುತ್ತೆ ಕಣೇ ಅಕ್ಕ. ಭಿಕ್ಷೆ ಕೇಳಿದ ಹಾಗಿರುತ್ತೆ."

"ಹಾಗಾದ್ರೆ ಹದಿನೈದನೇ ಮಗ್ಗು ಬೇಕಾ?"

ಹೇಳಿದೆ. ಮೊದಲನೆಯದನ್ನು ಹೇಳುವಷ್ಟರಲ್ಲಿ ಜೀವ ಬಾಯಿಗೆ ಬಂತು, ಆಮೇಲೆ ಸರಾಗವಾಯಿತು. ಗಾಳಿಗೆ ಮಗುಚಿಕೊಳ್ಳದ ಕೊಡೆ. ಉಣ್ಣೆಯ ಕಾಲುಚೀಲ. ಓದುವ ದೀಪ. ದಿನವಿಡೀ ನಿಂತು ಕೆಲಸ ಮಾಡುವಾಗ ನನ್ನ ಸೊಂಟ ನೋಯದಂತೆ ಒಂದು ಪಾದ ಇಟ್ಟುಕೊಳ್ಳಲು ಗಿಡ್ಡ ಕಾಲುಮಣೆ. ಹೀಗೆ ಒಂಬತ್ತಾದವು. ಕೊಡಲು ಒಪ್ಪಿದವರು ಆ ವಸ್ತುವಿನ ಮುಂದಿನ ಚೌಕ ಒತ್ತಬೇಕು. ಟಿಕ್ಕಿನ ಜೊತೆ ಅವರ ಹೆಸರು ಬೀಳುತ್ತದೆ, ಬೇರೆಯವರು ಅದನ್ನು ಮುಟ್ಟುವ ಹಾಗಿಲ್ಲ.

ಅಕ್ಕ ಕಳಿಸಿಯೇಬಿಟ್ಟಳು. ನನ್ನ ಎದೆ ಡವಡವ. ಹುಟ್ಟಿದಾಗಿನಿಂದ ಮೊದಲ ಸಲ ಕೇಳಿದ್ದೇನೆ. ಯಾರೂ ತಿರುಗಿ ನೋಡದಿದ್ದರೆ ಮುಖ ಎಲ್ಲಿಟ್ಟುಕೊಳ್ಳಲಿ?

ಹತ್ತು ನಿಮಿಷಕ್ಕೆ ಅಕ್ಕ ಕಿರುಚಿದಳು. ಒಂಬತ್ತಕ್ಕೂ ಟಿಕ್ಕು ಬಿದ್ದಿತ್ತು. ಒಂಬತ್ತರ ಮುಂದೆಯೂ ಒಂದೇ ಹೆಸರು: ಪೆನ್ಸಿಲ್.

ಪೆನ್ಸಿಲ್ ಅಂದರೆ ನಮ್ಮ ಔಷಧಿ ಸ್ಟೋರಿನವರು. ಸದಾ ಕಿವಿಯ ಮೇಲೆ ಪೆನ್ಸಿಲ್ ಇರುವುದರಿಂದ ಎಲ್ಲರ ಬಾಯಲ್ಲೂ, ಎಲ್ಲರ ಫೋನಿನಲ್ಲೂ ಅವರು ಹಾಗೇ. ಮಾತು ಕಮ್ಮಿ. ಬ್ಯಾಂಡೇಜು ಕೇಳಿದರೆ ನನಗೊಂದು ರೋಲು ಹೆಚ್ಚು ಕೊಟ್ಟು, ಆಮೇಲೆ ಎಣಿಸಿ ವಾಪಸ್ ತೆಗೆದುಕೊಳ್ಳುವ ಆಸಾಮಿ. ಹಾಗೆ ತೆಗೆದುಕೊಳ್ಳುವಾಗ ಅವರ ಕಿವಿ ಕೆಂಪಾಗುವುದನ್ನು ಎರಡು ವರ್ಷದಿಂದ ನೋಡಿಯೂ ನೋಡದವಳಂತೆ ಇದ್ದೆ.

"ನಾನು ಆವತ್ತೇ ಹೇಳಿರ್ಲಿಲ್ವಾ?" ಎಂದಳು ಅಕ್ಕ. ಅವಳು ಯಾವತ್ತೂ ಏನೂ ಹೇಳಿರಲಿಲ್ಲ.

ಆಮೇಲಿನ ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕೂದಲಿಗೆ ಹೊಸ ಕ್ಲಿಪ್ಪು ಹಾಕಿಕೊಂಡೆ. ಬೇಡದ ಬ್ಯಾಂಡೇಜಿಗೆ ನಾಲ್ಕು ಸಲ ಸ್ಟೋರಿಗೆ ಹೋದೆ.

"ನಿನ್ನೆ ತಾನೇ ತಗೊಂಡ್ರಲ್ಲ ಮೇಡಂ?"

"ಮುಗೀತು."

"ಇಪ್ಪತ್ತು ರೋಲೂ?"

"ಈ ವಾರ ಜನಕ್ಕೆ ತುಂಬಾ ಉಳುಕ್ತಾ ಇದೆ."

ಅವರು ರಿಜಿಸ್ಟರನ್ನು ಮುಖಕ್ಕೆ ಅಡ್ಡ ಹಿಡಿದರು. ಅದರ ಅಂಚಿನ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವೆರಡೂ ನಗುತ್ತಿದ್ದವು. ನಾನು ಇಪ್ಪತ್ತು ರೋಲು ಹೊತ್ತುಕೊಂಡು ಪೆದ್ದಿಯ ಹಾಗೆ ವಾಪಸ್ ಬಂದೆ.

ಗುರುವಾರ ಹುಟ್ಟುಹಬ್ಬ. ಆಸ್ಪತ್ರೆಯ ನನ್ನ ಕೋಣೆಗೆ ಬಂದವರೆಲ್ಲ ಬರಿಗೈ ಬೀಸಿಕೊಂಡು ಬಂದರು. "ಎಲ್ಲಾ ಪೆನ್ಸಿಲ್ಲೇ ಬುಕ್ ಮಾಡಿಕೊಂಡ್ರಲ್ಲ, ನಮಗೆಲ್ಲಿ ಜಾಗ!" ಎಂದು ಕಣ್ಣು ಮಿಟುಕಿಸಿ ಹೋದರು. ಮಧ್ಯಾಹ್ನ ಪೆನ್ಸಿಲ್ ಅವರೇ ಬಂದರು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಒಂದೇ ಒಂದು ಗಂಟು. ಮಂಡಿಗೆ ಬಿಸಿ ಶಾಖ ಇಟ್ಟುಕೊಂಡು ಮಂಚದ ಮೇಲೆ ಮಲಗಿದ್ದ ಅಜ್ಜಿಯೊಬ್ಬರನ್ನು ಬಿಟ್ಟರೆ ಕೋಣೆಯಲ್ಲಿ ಯಾರೂ ಇರಲಿಲ್ಲ.

"ಉಳಿದ ಎಂಟು ಎಲ್ಲಿ?" ಎಂದು ಛೇಡಿಸಿದೆ.

"ಯಾವ ಎಂಟು?"

ಫೋನ್ ತೋರಿಸಿದೆ. ಅವರ ಮುಖ ಬಿಳಿಚಿಕೊಂಡಿತು.

"ಮೇಡಂ, ಇದು... ಓದಿದ್ದಕ್ಕೆ ಹಾಕಿದ ಟಿಕ್ಕು. ಸ್ಟೋರಿಗೆ ಯಾವ ಲಿಸ್ಟ್ ಬಂದ್ರೂ ಓದಿದ ಸಾಲಿಗೆ ಟಿಕ್ ಒತ್ತುತ್ತಾ ಹೋಗ್ಬೇಕು, ಇಲ್ಲಾಂದ್ರೆ ಒಂದು ಔಷಧಿ ಬಿಟ್ಟುಹೋಗುತ್ತೆ. ಹನ್ನೊಂದು ವರ್ಷದ ಅಭ್ಯಾಸ. ಬೆರಳು ತಾನೇ ಒತ್ಕೊಂಡು ಹೋಗಿದೆ."

ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ನಾನು ಬಾಯಿಬಿಟ್ಟು ಕೇಳಿದ್ದೆ. ಸಿಕ್ಕ ಉತ್ತರ ಒಂದು ಬೆರಳಿನ ಅಭ್ಯಾಸ. ಅದನ್ನು ನಂಬಿಕೊಂಡು ಕ್ಲಿಪ್ಪು ಬೇರೆ ಹಾಕಿಕೊಂಡಿದ್ದೆ! ಕಣ್ಣು ಉರಿಯಿತು, ಸಿಟ್ಟೂ ಉಕ್ಕಿತು.

"ಎಲ್ಲಾ ಅಳಿಸಿಬಿಡಿ. ಆ ಗಂಟನ್ನೂ ತಗೊಂಡು ಹೋಗಿ."

ಅವರು ಹೋಗಲಿಲ್ಲ. "ಸುಳ್ಳು ಹೇಳಿ ಸಂಜೆಯೊಳಗೆ ಎಂಟೂ ತಂದುಕೊಡ್ಬಹುದಿತ್ತು. ನಿಮ್ಮ ಹತ್ರ ಸುಳ್ಳು ಹೇಳೋಕೆ ಆಗಲ್ಲ. ಇದನ್ನೊಂದು ಬಿಚ್ಚಿ ನೋಡಿ, ಆಮೇಲೆ ಬೈರಿ."

ಬಿಚ್ಚಿದೆ. ಕಾಲುಮಣೆ. ಔಷಧಿ ಬರುವ ಪೆಟ್ಟಿಗೆಗಳ ಹಲಗೆಯಿಂದ ಮಾಡಿದ್ದು. ಮೂಲೆಗಳನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿದ್ದರು. ಸಿಟ್ಟಿನಲ್ಲೇ ಎಡಗಾಲು ಇಟ್ಟು ನೋಡಿದೆ. ಸೊಂಟದ ನೋವು ಅರ್ಧ ಇಳಿದಂತಾಯಿತು.

"ಇಷ್ಟು ಸರಿಯಾಗಿ ಎತ್ತರ ಹೇಗೆ ಗೊತ್ತಾಯ್ತು?"

"ನೀವು ನಿಂತಾಗ ಎಡಗಾಲನ್ನ ಮಂಚದ ಅಡ್ಡಪಟ್ಟಿ ಮೇಲೆ ಇಡ್ತೀರಲ್ಲ. ಊಟಕ್ಕೆ ಹೋದಾಗ ಬಂದು ಅಳತೆ ತಗೊಂಡೆ."

"ಲಿಸ್ಟ್ ಬಂದಿದ್ದು ಸೋಮವಾರ. ಮೂರೇ ದಿನಕ್ಕೆ ಮಾಡಿಬಿಟ್ರಾ?"

"ಇಲ್ಲ." ಕಿವಿ ಕೆಂಪಾಯಿತು. "ಶುರು ಮಾಡಿ ಎರಡು ತಿಂಗಳಾಯ್ತು. ಲಿಸ್ಟಿನಲ್ಲಿ ಕಾಲುಮಣೆ ಅಂತ ನೋಡಿ ತಲೆಯೇ ಓಡ್ಲಿಲ್ಲ. ಆಮೇಲೆ ಏನು ಓದಿದೆ, ಏನು ಒತ್ತಿದೆ, ದೇವರಾಣೆಗೂ ಗೊತ್ತಿಲ್ಲ."

ನಾನು ಕೇಳುವುದಕ್ಕೆ ಎರಡು ತಿಂಗಳು ಮೊದಲೇ ಒಬ್ಬರು ನನ್ನ ನೋವನ್ನು ನೋಡಿದ್ದರು, ನೋಡಿ ಸುಮ್ಮನಿರಲಿಲ್ಲ.

"ನನಗೂ ಒಂದು ಕೇಳೋದಿದೆ ಮೇಡಂ." ಅವರು ಪೆನ್ಸಿಲ್ ತೆಗೆದರು, ಮತ್ತೆ ಸಿಕ್ಕಿಸಿಕೊಂಡರು. "ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಮದುವೆ ಆಗ್ತೀರಾ?"

ನನ್ನ ಹಾಳು ಬಾಯಿ! ಎದೆ ಕುಣಿಯುತ್ತಿದ್ದಾಗಲೇ ಅದು ತನ್ನ ಪಾಡಿಗೆ ಅಂದುಬಿಟ್ಟಿತು: "ಅಯ್ಯೋ, ಬೇಡ ಬಿಡಿ!"

ಅವರು ಒಮ್ಮೆ ತಲೆಯಾಡಿಸಿದರು. "ಸರಿ ಮೇಡಂ," ಎಂದು ಮೆಲ್ಲಗೆ ಬಾಗಿಲು ಎಳೆದುಕೊಂಡು ಹೋದರು. ನಾನು ಕಂಬದ ಹಾಗೆ ನಿಂತಿದ್ದೆ.

"ಮಗಳೇ," ಎಂದರು ಮಂಚದ ಮೇಲಿನ ಅಜ್ಜಿ, "ಅದು ನೀನು ಹೇಳಿದ್ದಾ, ಬರೀ ಬಾಯಿ ಹೇಳಿದ್ದಾ?"

"ಬಾಯಿ, ಅಜ್ಜಿ!"

"ಮತ್ತೆ ಇಲ್ಲೇನು ಮಾಡ್ತಿದ್ದೀಯ? ಓಡು!"

ಓಡಿದೆ. ಕಾರಿಡಾರಿನ ಬೆಂಚುಗಳ ತುಂಬಾ ಸರದಿಗೆ ಕಾಯುತ್ತಿದ್ದ ಜನ. ಆ ತುದಿಯಲ್ಲಿ ಅವರ ಬೆನ್ನು.

"ರೀ! ನಿಲ್ರೀ!"

ನಿಂತರು. ಬೆಂಚಿನ ಮೇಲಿದ್ದವರೆಲ್ಲ ತಿರುಗಿದರು. ರಿಸೆಪ್ಷನ್ನಿನಲ್ಲಿ ಅಕ್ಕ ಎದ್ದು ನಿಂತಳು.

"ನಿಮ್ಮ ಬೆರಳಿಗೆ ಹೇಗೋ ನನ್ನ ಬಾಯಿಗೂ ಹಾಗೇ, ಬರೀ ಅಭ್ಯಾಸ," ಎಂದೆ ಏದುಸಿರು ಬಿಡುತ್ತಾ. "ಬೇಕು. ನನಗೆ ನೀವು ಬೇಕು. ತುಂಬಾ ಬೇಕು."

ಅವರ ಕಣ್ಣು ತುಂಬಿತು. "ಇನ್ನೊಂದು ಸಲ ಹೇಳ್ತೀರಾ?"

ಅಷ್ಟು ಜನರೆದುರು ಅವರ ಕೈ ಹಿಡಿದುಕೊಂಡು ಇನ್ನೊಂದು ಸಲ ಹೇಳಿದೆ. ಒಂದಿಷ್ಟೂ ನಾಚಿಕೆಯಾಗಲಿಲ್ಲ.